ಹದಿನೇಳು ಮನೆಗೆ ಊಟದ ಪೆಟ್ಟಿಗೆ

ಕಳೆದ ವಾರ ಟೋಕಿಯೋದ ಫುನಾಬೊರಿಯ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟ್ ಹತ್ತಿದಾಗ ಗಪ್ಪನೆ ಒಂದು ವಾಸನೆ ಮೂಗಿಗೆ ಬಡಿಯಿತು. ಜೊತೆಗೆ ಹತ್ತಿದ್ದವಳು ಹತ್ತನೇ ಮಹಡಿಯ ಮೈಸೂರಿನ ಹುಡುಗಿ. ಗಂಡನ ಪ್ರಾಜೆಕ್ಟಿನ ಹಿಂದೆ ಜಪಾನಿಗೆ ಬಂದು ಇನ್ನೂ ಎರಡು ತಿಂಗಳಾಗಿಲ್ಲ. ಜಾಕೆಟ್ಟಿನ ತೋಳಿನಿಂದ ಮೂಗು ಮುಚ್ಚಿಕೊಂಡು, "ಇದೇನ್ ಆಂಟಿ, ಯಾರೋ ಹಳೇ ಸಾಕ್ಸ್ ಬೇಯಿಸ್ತಿರೋ ಹಾಗಿದೆ" ಎಂದಳು. ಆಂಟಿ ಎಂದದ್ದಕ್ಕೆ ಕೊಂಚ ಸಿಟ್ಟು ಬಂದರೂ ನಕ್ಕುಬಿಟ್ಟೆ. ಒಣಗಿಸಿದ ಮೂಲಂಗಿ ಎಳೆಗಳನ್ನು ಸೋಯಾ ಸಾಸ್ ಹಾಕಿ ಸಣ್ಣ ಉರಿಯಲ್ಲಿ ಬೇಯಿಸುವ ವಾಸನೆ ಅದು. ಮೊದಲ ಸಲ ನನಗೂ ಹಾಗೇ ಅನಿಸಿತ್ತು. ನಾನು ಇಳಿಯಬೇಕಾಗಿದ್ದದ್ದು ಏಳನೇ ಮಹಡಿಯಲ್ಲಿ. ಅವಳ ಜೊತೆ ಹತ್ತರವರೆಗೂ ಹೋಗಿ, ಒಬ್ಬಳೇ ಅದೇ ಲಿಫ್ಟಿನಲ್ಲಿ ನಿಧಾನವಾಗಿ ಕೆಳಗೆ ಬಂದೆ.

ನಾಲ್ಕು ವರ್ಷದ ಹಿಂದಿನ ಒಂದು ಚಳಿಗಾಲವಿಡೀ ನಾನು ಆ ವಾಸನೆಯಲ್ಲಿ ಬದುಕಿದ್ದೆ. ಉತ್ತರದ ಅಕಿತಾ ಸೀಮೆಯ ಬೆಟ್ಟಗಳ ನಡುವಿನ ಒಂದು ಹಳ್ಳಿ. ಅಲ್ಲಿನವರು ಇದನ್ನು ಓದುವುದಿಲ್ಲವಾದರೂ ಊರಿನ ಹೆಸರು ಹೇಳಲು ನನಗೆ ಮನಸ್ಸಿಲ್ಲ. ಅಲ್ಲಿ ಹದಿನೇಳು ಮನೆಗಳಿದ್ದವು, ಮುಚ್ಚಿಹೋದ ಒಂದು ಶಾಲೆಯಿತ್ತು, ಎದೆಮಟ್ಟ ಹಿಮ ಬೀಳುತ್ತಿತ್ತು. ನಾನು ಅಲ್ಲಿಗೆ ಹೋದದ್ದು ಒಂದು ಆಹಾರ ನೆರವಿನ ಯೋಜನೆಯ ಮುಖ್ಯಸ್ಥೆಯಾಗಿ.

ಇದನ್ನು ಫೋನಿನಲ್ಲಿ ಹೇಳಿದಾಗ ಮೈಸೂರಿನ ನಮ್ಮ ಅತ್ತಿಗೆ, "ಅಲ್ಲ ವಸುಧಾ, ಜಪಾನಲ್ಲಿ ಯಾರಮ್ಮ ಉಪವಾಸ ಇರೋರು? ಅವರೇ ಊರಿಗೆಲ್ಲ ಕೊಡೋರು" ಎಂದು ನಕ್ಕಿದ್ದರು. ಅವರ ತಪ್ಪಲ್ಲ. ನನ್ನ ಸಂಸ್ಥೆಯಲ್ಲೇ ಅರ್ಧ ಜನಕ್ಕೆ ಅದು ಅರ್ಥವಾಗಿರಲಿಲ್ಲ. ಆ ಊರಲ್ಲಿ ಅಕ್ಕಿಗೆ ಕೊರತೆಯಿಲ್ಲ. ಪ್ರತಿ ಮನೆಯ ಹಿಂದೆಯೂ ಅಕ್ಕಿ ಮೂಟೆ ಇರುತ್ತದೆ, ಉಪ್ಪಿನಲ್ಲಿ ನೆನೆಸಿದ ಮೂಲಂಗಿ ಪೀಪಾಯಿಗಟ್ಟಲೆ ಇರುತ್ತದೆ. ಆದರೆ ಊರಿನ ಕೊನೆಯ ಅಂಗಡಿ ಮುಚ್ಚಿ ಆರು ವರ್ಷವಾಗಿತ್ತು. ಹತ್ತಿರದ ಕೊಂಬಿನಿ ಅಂಗಡಿಗೆ ಕಾರಿನಲ್ಲಿ ನಲವತ್ತು ನಿಮಿಷ, ಹಿಮ ಬಿದ್ದರೆ ಅದೂ ಇಲ್ಲ. ಎಂಬತ್ತು ದಾಟಿದವರು ಡಿಸೆಂಬರಿನಿಂದ ಮಾರ್ಚಿನವರೆಗೆ ಅನ್ನ, ಮಿಸೋ ಸಾರು, ಉಪ್ಪಿನಕಾಯಿ ತಿಂದುಕೊಂಡು ಕಾಲ ಹಾಕುತ್ತಾರೆ. ಹೊಟ್ಟೆ ತುಂಬಿರುತ್ತದೆ, ಮೈಯಲ್ಲಿ ಮಾಂಸ ಕರಗುತ್ತಿರುತ್ತದೆ. ವಸಂತ ಬರುವ ಹೊತ್ತಿಗೆ ಯಾರೋ ಒಬ್ಬರು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿರುತ್ತಾರೆ. ಇದನ್ನು ತಡೆಯಲು ಪ್ರತಿ ಮಂಗಳವಾರ ಪ್ರತಿ ಮನೆಗೂ ಒಂದು ಪೆಟ್ಟಿಗೆ ಕೊಡುವುದು ನಮ್ಮ ಕೆಲಸ. ಆರು ಮೊಟ್ಟೆ, ತೋಫು, ಒಣ ತೋಫು, ಡಬ್ಬಿ ಮೀನು, ಸೋಯಾ ಕಾಳು, ಹಾಲು, ಬಾಳೆಹಣ್ಣು, ಒಂದು ಕಟ್ಟು ಸೊಪ್ಪು. ಒಂದು ಚಳಿಗಾಲದ ಪ್ರಯೋಗ ಅದು. ಗೆದ್ದರೆ ಮುಂದಿನ ವರ್ಷ ನಲವತ್ತು ಹಳ್ಳಿಗಳಿಗೆ ವಿಸ್ತರಿಸುವ ಮಾತಿತ್ತು. ಪೌಷ್ಟಿಕ ಆಹಾರದ ಬಗ್ಗೆ ಐದು ವರ್ಷ ಕೂತು ಪಿಎಚ್‌ಡಿ ಮಾಡಿದವಳು ನಾನು. ಹದಿನೇಳು ಮನೆ ನನಗೆ ಯಾವ ಲೆಕ್ಕ ಎಂದುಕೊಂಡಿದ್ದೆ.

ಗಂಡ ಮಧು, ಎಂಟು ವರ್ಷದ ಮಗಳು ಇಳಾ ಇಬ್ಬರೂ ಫುನಾಬೊರಿಯಲ್ಲೇ ಉಳಿದರು. ಎರಡು ವಾರಕ್ಕೊಮ್ಮೆ ನಾನು ಬಂದು ಹೋಗುವುದು ಎಂದಾಯಿತು. ಹೊರಡುವ ದಿನ ಇಳಾ, "ಅಮ್ಮಾ, ವಿಲ್ ಯು ಬಿ ದ ಬಾಸ್ ದೇರ್?" ಎಂದು ಕೇಳಿದಳು. ಹೌದು ಎಂದೆ. "ಸುಗೋಯಿ" ಎಂದು ಕಣ್ಣರಳಿಸಿದಳು. ಭಾರೀ ಅಂತ ಅರ್ಥ. ನನಗೂ ಒಳಗೊಳಗೇ ಹಾಗೇ ಅನಿಸಿತ್ತು.

ಊರಿನಲ್ಲಿ ನನಗೆ ಜೊತೆಯಾದವರು ಸಾಸಾಕಿ ಸಾನ್, ಸರ್ಕಾರಿ ಆರೋಗ್ಯ ನರ್ಸು. ಇಲ್ಲಿ ಯಾರ ಹೆಸರಿಗೂ 'ಸಾನ್' ಸೇರಿಸುವುದು ಮರ್ಯಾದೆ. ಐವತ್ತೈದರ ಹೆಂಗಸು. ಸಣ್ಣ ಲಾರಿಯನ್ನು ಹಿಮದಲ್ಲಿ ನಮ್ಮ ಕಡೆಯ ಬಸ್ ಡ್ರೈವರುಗಳ ಧೈರ್ಯದಲ್ಲಿ ಓಡಿಸುತ್ತಿದ್ದರು, ಮಾತು ಮಾತ್ರ ಬಹಳ ಕಮ್ಮಿ. ಮೊದಲ ಮಂಗಳವಾರ ಅವರೇ ನನ್ನನ್ನು ಮನೆಮನೆಗೆ ಕರೆದೊಯ್ದು ಪರಿಚಯ ಮಾಡಿಸಿದರು. ಎಲ್ಲರ ತೂಕ ತೆಗೆದುಕೊಂಡೆವು. ಕೊನೆಯ ಮನೆ ಕಿಯೋ ಸಾನ್ ಅವರದು.

ಕಿಯೋ ಸಾನ್‌ಗೆ ಎಂಬತ್ತಮೂರು. ಮದುವೆಯಾದವರಲ್ಲ. ಆ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷ ಮಕ್ಕಳ ಮಧ್ಯಾಹ್ನದ ಊಟಕ್ಕೆ ಅಡುಗೆ ಮಾಡಿದವರು. ಸಾಸಾಕಿ ಸಾನ್ ಕೂಡ ಅವರ ಕೈಯಡುಗೆ ಉಂಡು ಬೆಳೆದವರೇ. ಅಂಥವರ ಮನೆ ಬಾಗಿಲಲ್ಲಿ ನಾನು ಪೆಟ್ಟಿಗೆ ಹಿಡಿದು ನಿಂತು, ಪ್ರೋಟೀನು ಯಾಕೆ ಮುಖ್ಯ ಎಂದು ಹತ್ತು ನಿಮಿಷ ಪಾಠ ಮಾಡಿದೆ. ಅವರು ಮೊಣಕಾಲೂರಿ ಕೂತು ಪೂರ್ತಿ ಕೇಳಿಸಿಕೊಂಡು, "ಬಹಳ ಒಳ್ಳೆಯ ವಿಷಯ ಕಲಿತ ಹಾಗಾಯ್ತು" ಎಂದು ಬಗ್ಗಿ ನಮಸ್ಕರಿಸಿದರು. ಈಗ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ. ತೂಕ ನಲವತ್ತೊಂದು ಕಿಲೋ ಇತ್ತು. ಹೊರಡುವಾಗ ಚಹಾದ ಜೊತೆ ಮೀನಿನ ಬಿಲ್ಲೆ ಕೊಟ್ಟರು. ಮೀನು, ಮಾಂಸ ತಿನ್ನುವುದಿಲ್ಲ, ಮೀನು ಹಾಕಿ ಕುದಿಸಿದ ಸಾರೂ ಆಗುವುದಿಲ್ಲ ಎಂದೆ. ಮೊಟ್ಟೆ ಆಗುತ್ತದೆ, ಅದು ನನ್ನ ಅತ್ತೆಗೆ ಗೊತ್ತಿಲ್ಲ ಎಂದೂ ಹೇಳಿದೆ. ಕಿಯೋ ಸಾನ್ ಬಾಯಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನಕ್ಕರು.

ಮುಂದಿನ ಮಂಗಳವಾರ ಪೆಟ್ಟಿಗೆ ಇಳಿಸುತ್ತಿದ್ದಂತೆ ಅವರು ಬಟ್ಟೆಯಲ್ಲಿ ಗಂಟು ಕಟ್ಟಿದ ಡಬ್ಬಿಯೊಂದನ್ನು ನನ್ನ ಕೈಗಿಟ್ಟರು. ಒಳಗೆ ಪದರ ಪದರವಾಗಿ ಸುತ್ತಿದ ಮೊಟ್ಟೆಯ ಆಮ್ಲೆಟ್ಟು, ಒಣ ಮೂಲಂಗಿಯ ಪಲ್ಯ. ಇದನ್ನು ಬೇಯಿಸಿದ ಸಾರಿಗೆ ಮೀನಿನ ಬದಲು ಕಡಲ ಪಾಚಿ ಹಾಕಿದ್ದೇನೆ, ಧೈರ್ಯವಾಗಿ ತಿನ್ನಿ ಎಂದರು. ಬೇರೆ ಮನೆಗಳಲ್ಲೂ ಅಷ್ಟೇ. ಒಬ್ಬರು ಉಪ್ಪಿನಕಾಯಿ, ಒಬ್ಬರು ಒಣಗಿಸಿದ ಕಾಕಿ ಹಣ್ಣು, ಒಬ್ಬರು ಅಕ್ರೂಟಿನ ಉಂಡೆ. ನನಗೆ ಹಿಗ್ಗೋ ಹಿಗ್ಗು. ನಮ್ಮ ಮೈಸೂರಿನ ವಠಾರದಲ್ಲೂ ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ವಾಪಸು ಕೊಡುವ ಪದ್ಧತಿಯಿರಲಿಲ್ಲ. ಏನೂ ಇಲ್ಲದಿದ್ದರೆ ಅಮ್ಮ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದಳು. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಅನ್ನಬಾರದು ಎಂದು ಕಲಿಸಿದವಳೂ ಅವಳೇ. ಇವರು ನಮ್ಮವರೇ ಎಂದುಕೊಂಡು ನಾನು ಎಲ್ಲವನ್ನೂ ಎರಡು ಕೈಯಲ್ಲಿ ತೆಗೆದುಕೊಂಡೆ.

ಡಿಸೆಂಬರಿಡೀ ಹೀಗೇ ನಡೆಯಿತು. ಕಿಯೋ ಸಾನ್ ಡಬ್ಬಿ ವಾರದಿಂದ ವಾರಕ್ಕೆ ದೊಡ್ಡದಾಯಿತು. ತೋಫುವನ್ನು ಅಕ್ರೂಟಿನ ಜೊತೆ ಅರೆದು ಮಾಡಿದ ಗೊಜ್ಜು, ಸಿಹಿಯಾಗಿ ಬೇಯಿಸಿದ ಸೋಯಾ ಕಾಳು, ಒಣ ತೋಫುವಿನ ಹುರಿದ ತುಂಡು. ನಾನು ಉಳಿದುಕೊಂಡಿದ್ದ ಕೋಣೆಯಲ್ಲಿ ಸೀಮೆಎಣ್ಣೆ ಹೀಟರಿನ ಮುಂದೆ ಕೂತು ಒಂದು ಚೂರೂ ಬಿಡದೆ ತಿನ್ನುತ್ತಿದ್ದೆ. ಟೋಕಿಯೋದ ಮೇಲಧಿಕಾರಿಗೆ ಫೋಟೋ ಕಳಿಸಿ, 'ಜನ ಯೋಜನೆಯನ್ನು ಮನಸಾರೆ ಸ್ವೀಕರಿಸಿದ್ದಾರೆ, ಒಂದು ಪೆಟ್ಟಿಗೆಯೂ ಉಳಿದಿಲ್ಲ' ಎಂದು ಬರೆದೆ. ಹೊಸ ವರ್ಷಕ್ಕೆ ಫುನಾಬೊರಿಗೆ ಬಂದಾಗ ಮಧು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲ ಕಣೇ, ನ್ಯೂಟ್ರಿಶನ್ ಪ್ರೋಗ್ರಾಂ ಅವರಿಗಾ ನಿನಗಾ?" ಎಂದ. ಕೋಟಿನ ಗುಂಡಿ ಹಾಕಲಾಗುತ್ತಿರಲಿಲ್ಲ. ಅವನ ಮೇಲೆ ರೇಗಿದೆ. ಅವನು ತಮಾಷೆಗೆ ಅಂದ ಮಾತು ಎಷ್ಟು ನಿಜವಾಗಿತ್ತೆಂದು ಆಗ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಜನವರಿಯ ಮಧ್ಯದಲ್ಲಿ ಮತ್ತೆ ತೂಕ ತೆಗೆದೆವು. ಹಿಮ ಆ ವಾರ ಕಿಟಕಿಗಳ ಅರ್ಧಕ್ಕೆ ಬಂದಿತ್ತು. ಹದಿನೇಳು ಮನೆಗಳಲ್ಲಿ ಒಬ್ಬರದೂ ತೂಕ ಏರಿರಲಿಲ್ಲ. ಹಲವರದು ಇಳಿದಿತ್ತು. ಕಿಯೋ ಸಾನ್ ಮಾಪಕದ ಮೇಲೆ ಹತ್ತಿದಾಗ ಮುಳ್ಳು ಮೂವತ್ತೆಂಟೂವರೆಗೆ ನಿಂತಿತು. ಮಾಪಕ ಕೆಟ್ಟಿರಬೇಕೆಂದು ನಾನು ಹತ್ತಿ ನೋಡಿದೆ. ಕೆಟ್ಟಿರಲಿಲ್ಲ, ನನ್ನದು ನಾಲ್ಕು ಕಿಲೋ ಜಾಸ್ತಿ ತೋರಿಸಿತು.

ಹದಿನೈದು ದಿನಕ್ಕೊಮ್ಮೆ ಪಟ್ಟಣದಿಂದ ಬರುವ ಡಾಕ್ಟರು ಆ ತೂಕದ ಚೀಟಿ ನೋಡಿ, ಮೂವತ್ತೆಂಟಕ್ಕಿಂತ ಕೆಳಗೆ ಹೋದರೆ ಪಟ್ಟಣದ ಆರೈಕೆ ಕೇಂದ್ರಕ್ಕೆ ಸೇರಿಸಲೇಬೇಕು ಎಂದರು. ಡಾಕ್ಟರು ಹೇಳಿದ್ದು ಸರಿಯಾಗಿಯೇ ಇತ್ತು. ಅವರು ಹೋದ ಮೇಲೆ ಕಿಯೋ ಸಾನ್ ಚಹಾ ಬಗ್ಗಿಸುತ್ತಾ, "ಚಳಿಗಾಲಕ್ಕೆ ಅಂತ ಹೋದವರು ಈ ಊರಿಂದ ನಾಲ್ಕು ಜನ. ವಸಂತ ಬಂತು, ಅವರು ಬರಲಿಲ್ಲ" ಎಂದರು. ಆಮೇಲೆ ಚಹಾದ ಪಾತ್ರೆ ಕೆಳಗಿಟ್ಟು, "ನನಗೆ ಇಲ್ಲಿಂದ ಹೋಗೋಕೆ ಇಷ್ಟ ಇಲ್ಲ ವಸುಧಾ ಸಾನ್" ಎಂದರು. ಮನಸ್ಸಿನಲ್ಲಿರುವುದನ್ನು ಅಷ್ಟು ನೇರವಾಗಿ ಹೇಳುವವರಲ್ಲ ಆ ಸೀಮೆಯವರು. ನನಗೆ ಭಯವಾಯಿತು.

ನಮ್ಮ ಕೆಲಸದಲ್ಲಿ ಒಂದು ಫಾರಂ ಇದೆ. ನಿನ್ನೆ ಬೆಳಿಗ್ಗೆಯಿಂದ ಮಲಗುವವರೆಗೆ ಏನೇನು ತಿಂದಿರಿ ಎಂದು ಒಂದೊಂದಾಗಿ ಕೇಳಿ ಬರೆದುಕೊಳ್ಳುವುದು. ಎಷ್ಟೋ ಸಾವಿರ ಸಲ ತುಂಬಿದ್ದೇನೆ. ಮರುದಿನ ಬೆಳಿಗ್ಗೆ ಅದನ್ನು ಹಿಡಿದು ಕಿಯೋ ಸಾನ್ ಎದುರು ಕೂತೆ. ಸಾಸಾಕಿ ಸಾನ್ ಪಕ್ಕದಲ್ಲಿದ್ದರು. ನಿನ್ನೆ ಏನು ತಿಂದಿರಿ ಎಂದೆ. ಅನ್ನ, ಮಿಸೋ ಸಾರು, ಉಪ್ಪಿನಕಾಯಿ. ಮೊನ್ನೆ? ಅದೇ. ಈ ವಾರದ ಆರು ಮೊಟ್ಟೆ ಏನಾಯಿತು?

"ನಿಮಗೆ ಆಮ್ಲೆಟ್ ಮಾಡಿ ಕೊಟ್ಟೆನಲ್ಲ. ಚೆನ್ನಾಗಿರಲಿಲ್ವಾ?"

"ಚೆನ್ನಾಗಿತ್ತು. ತೋಫು?"

"ಅಕ್ರೂಟ್ ಹಾಕಿ ಅರೆದೆ. ನಿಮಗೆ ಇಷ್ಟ ಅಂದಿರಿ."

"ಸೋಯಾ ಕಾಳು? ಒಣ ತೋಫು?"

ಅವರು ಉತ್ತರ ಹೇಳುವ ಮೊದಲೇ ನನಗೆ ಗೊತ್ತಾಗಿತ್ತು. ಡಬ್ಬಿ ಮೀನು ನನ್ನ ಹೊಟ್ಟೆಗೆ ಬಂದಿರಲಿಲ್ಲ, ಅದು ಅವರ ಅಂಗಳದ ಹಿಮ ತೆಗೆಯುವ ಪಕ್ಕದ ಮನೆಯವರಿಗೆ ಹೋಗಿತ್ತು. ಹಾಲೂ ಅವರಿಗೇ. ಫಾರಂನಲ್ಲಿ ಅವರ ಊಟವನ್ನು ಬರೆಯಬೇಕಾದ ಜಾಗದಲ್ಲಿ ಸಾಲಾಗಿ ನನ್ನ ಹೆಸರು ಬರೆಯಬೇಕಾಗಿತ್ತು. ಮೀನು ಮಾಂಸ ತಿನ್ನದವಳು ಎಂದು ನಾನೇ ಹೇಳಿದ್ದೆನಲ್ಲ, ಪೆಟ್ಟಿಗೆಯಲ್ಲಿದ್ದ ಶಕ್ತಿಯ ಪದಾರ್ಥವನ್ನೆಲ್ಲ ಅವರು ಜೋಪಾನವಾಗಿ ಆರಿಸಿ, ಬೇಯಿಸಿ, ಗಂಟು ಕಟ್ಟಿ ನನಗೇ ವಾಪಸು ಕೊಟ್ಟಿದ್ದರು.

ಲಾರಿಯಲ್ಲಿ ವಾಪಸು ಬರುವಾಗ ಸಾಸಾಕಿ ಸಾನ್ ಮೇಲೆ ಕೂಗಾಡಿದೆ. ಇದು ನಿಮಗೆ ಗೊತ್ತಿತ್ತಾ ಎಂದೆ. ಅವರು ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ಸುಮಿಮಾಸೆನ್, ಕ್ಷಮಿಸಿ. ಇದಕ್ಕೆ ಒಕಾಯೇಶಿ ಅಂತಾರೆ. ಯಾರಾದರೂ ಏನಾದರೂ ಕೊಟ್ಟರೆ ಅದರ ಅರ್ಧದಷ್ಟಾದರೂ ತಿರುಗಿ ಕೊಡಬೇಕು. ಕೊಡದಿದ್ದರೆ ಇಲ್ಲಿ ಬದುಕೋಕಾಗಲ್ಲ. ಎಲ್ಲ ಮನೆಯಲ್ಲೂ ಪೆಟ್ಟಿಗೆಯದು ಹೀಗೇ ಹೋಗ್ತಿದೆ. ನೀವು ಅಷ್ಟು ಖುಷಿಯಾಗಿ ತಗೋತಿದ್ದಿರಿ, ನಿಮ್ಮಲ್ಲೂ ಹೀಗೇ ಅಂತ ಹೇಳಿದ್ದಿರಿ. ನಿಮಗೆ ತಿಳಿದಿದೆ ಅಂದುಕೊಂಡೆ" ಎಂದರು. ನಮ್ಮ ವಠಾರದಲ್ಲಿ ಒಂದು ಚಮಚ ಸಕ್ಕರೆ ಸಾಕಿತ್ತು. ಇಲ್ಲಿ ಅರ್ಧ. ಪ್ರತಿ ವಾರ, ಹದಿನೇಳು ಮನೆ, ಅರ್ಧ.

ತಪ್ಪು ಗೊತ್ತಾದ ಮೇಲೆ ಅದನ್ನು ತಿದ್ದಲು ಹೊರಟು ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಆ ರಾತ್ರಿಯೇ ಒಂದು ಸೂಚನಾ ಪತ್ರ ಟೈಪು ಮಾಡಿದೆ. 'ಇನ್ನು ಮುಂದೆ ಸಿಬ್ಬಂದಿ ಯಾರಿಂದಲೂ ಯಾವ ಉಡುಗೊರೆಯನ್ನೂ ಸ್ವೀಕರಿಸುವುದಿಲ್ಲ, ಇದು ನಿಯಮ.' ಸಾಸಾಕಿ ಸಾನ್ ಓದಿ, ಸ್ವಲ್ಪ ಯೋಚಿಸಬಹುದಿತ್ತೇನೋ ಎಂದರು. ಈ ದೇಶದಲ್ಲಿ ಹಾಗೆಂದರೆ ಬೇಡವೇ ಬೇಡ ಎಂದರ್ಥ. ಆ ಹೊತ್ತಿಗೆ ಹನ್ನೊಂದು ವರ್ಷದಿಂದ ಇಲ್ಲಿದ್ದ ನನಗೆ ಅದು ಗೊತ್ತು. ಗೊತ್ತಿದ್ದೂ ಮಂಗಳವಾರ ಪೆಟ್ಟಿಗೆಯ ಜೊತೆ ಆ ಪತ್ರವನ್ನೂ ಹಂಚಿದೆ. ಕಿಯೋ ಸಾನ್ ಚಾಚಿದ ಡಬ್ಬಿಯನ್ನು ಕೈಕಟ್ಟಿ ನಿಂತು ಬೇಡವೆಂದೆ. ಅವರು ಡಬ್ಬಿಯನ್ನು ಎದೆಗವಚಿಕೊಂಡು ಪತ್ರ ಓದಿದರು, ಬಗ್ಗಿ ನಮಸ್ಕರಿಸಿ ಬಾಗಿಲು ಎಳೆದುಕೊಂಡರು.

ಮುಂದಿನ ಮಂಗಳವಾರ ಹನ್ನೊಂದು ಮನೆಗಳ ಮುಂದೆ ಹಿಂದಿನ ವಾರದ ಪೆಟ್ಟಿಗೆಗಳು ಬಿಚ್ಚದೆ ಹಾಗೇ ಇದ್ದವು. ಮೇಲೆ ನೀಟಾಗಿ ಬರೆದ ಚೀಟಿ: ಕೃತಜ್ಞತೆಗಳು, ನಮಗೆ ಬೇಡ. ಕಿಯೋ ಸಾನ್ ಮನೆಯ ಪೆಟ್ಟಿಗೆಯ ಮೇಲಿನ ಹಿಮವನ್ನು ಯಾರೋ ಒರೆಸಿಟ್ಟಿದ್ದರು. ಬಿಚ್ಚಿ ನೋಡಿದರೆ ಒಳಗೆ ಮೊಟ್ಟೆ ಹೆಪ್ಪುಗಟ್ಟಿ ಬಿರಿದಿತ್ತು. ಬಾಗಿಲು ತಟ್ಟಿದೆ. ಒಳಗಿಂದ, ಇವತ್ತು ಮೈ ಹುಷಾರಿಲ್ಲ, ಸುಮಿಮಾಸೆನ್ ಎಂಬ ದನಿ ಬಂತು. ಬಾಗಿಲು ತೆರೆಯಲಿಲ್ಲ. ಇಷ್ಟು ದಿನ ಅವರು ಪೆಟ್ಟಿಗೆಯದನ್ನು ಬೇಯಿಸುವಾಗ ರುಚಿಯನ್ನಾದರೂ ನೋಡುತ್ತಿದ್ದರು. ಈಗ ಅದೂ ಇಲ್ಲ. ಫೆಬ್ರವರಿಯ ಮೊದಲ ವಾರ ಸಾಸಾಕಿ ಸಾನ್ ಒಬ್ಬರೇ ಹೋಗಿ ತೂಕ ನೋಡಿ ಬಂದರು. ಮೂವತ್ತೆಂಟರ ಮೇಲೆ ಬರೀ ನೂರು ಗ್ರಾಂ.

ಮಧುಗೆ ಫೋನು ಮಾಡಿ ಅತ್ತೆ. ಯೋಜನೆಗಾಗಿ ಅತ್ತೆನೋ, ಕಿಯೋ ಸಾನ್‌ಗಾಗಿ ಅತ್ತೆನೋ ಎಂದು ಕೇಳಿದರೆ, ಮೊದಲ ಎರಡು ನಿಮಿಷ ಯೋಜನೆಗಾಗಿಯೇ. ಅವನು ಕೇಳುವಷ್ಟು ಕೇಳಿ, "ನೀನು ಆ ಅಜ್ಜಿ ಹತ್ರ ಏನಾದ್ರೂ ಹೆಲ್ಪ್ ಕೇಳಿದೀಯಾ, ಒಂದು ಸಲನಾದ್ರೂ?" ಎಂದ. ಇಲ್ಲ ಎಂದೆ. "ಕೇಳಿ ನೋಡು. ಬರೀ ಕೊಡೋಕೆ ಹೋಗೋರನ್ನ ಕಂಡರೆ ನನಗೂ ಕಷ್ಟ" ಎಂದ. ಸಾಫ್ಟ್‌ವೇರಿನವನ ಬಾಯಲ್ಲಿ ನನ್ನ ಕ್ಷೇತ್ರದ ಮಾತು ಕೇಳಬೇಕಾಯಿತಲ್ಲ ಎಂದು ಉರಿದುಹೋಯಿತು. ಆದರೆ ಮರುದಿನ ಬೆಳಿಗ್ಗೆ ಎದ್ದವಳೇ ಶಾಲೆಯ ಕಡೆ ನಡೆದೆ.

ಶಾಲೆ ಮುಚ್ಚಿ ಹದಿನಾಲ್ಕು ವರ್ಷವಾಗಿದ್ದರೂ ಕಟ್ಟಡವನ್ನು ಊರಿನ ಸಭೆಗಳಿಗೆ ಇಟ್ಟುಕೊಂಡಿದ್ದರು. ಸಾಸಾಕಿ ಸಾನ್ ಬೀಗ ತೆಗೆದರು. ಅಡುಗೆಮನೆಯಲ್ಲಿ ದೊಡ್ಡ ಕಡಾಯಿಗಳು ಬೋರಲು ಮಲಗಿದ್ದವು, ಹಚ್ಚಿದರೆ ಗ್ಯಾಸಿನ ಒಲೆಗಳು ಉರಿದವು, ನಲ್ಲಿಯಲ್ಲಿ ನೀರೂ ಬಂತು. ಅಲ್ಲಿಂದ ನೇರ ಕಿಯೋ ಸಾನ್ ಮನೆಗೆ ಹೋಗಿ, ಮುಚ್ಚಿದ ಬಾಗಿಲ ಮುಂದೆ ಹಿಮದಲ್ಲಿ ನಿಂತು ಹೇಳಿದೆ.

"ಕಿಯೋ ಸಾನ್, ನಾನು ಏನೂ ಕೊಡೋಕೆ ಬಂದಿಲ್ಲ. ನನ್ನ ಕೆಲಸ ಕೆಟ್ಟುಹೋಗಿದೆ. ಹದಿನೇಳು ಮನೆಗೆ ವಾರಕ್ಕೆ ಮೂರು ಸಲ ಮಧ್ಯಾಹ್ನದ ಊಟ ಬೇಯಿಸಬೇಕು. ಅಷ್ಟು ಜನಕ್ಕೆ ಅಡುಗೆ ಮಾಡೋದು ನನಗೆ ಬರಲ್ಲ. ನಿಮಗೆ ಬರುತ್ತೆ."

ಬಾಗಿಲು ಒಂದು ಗೇಣು ಸರಿಯಿತು.

"ಕಡಾಯಿ ತುಕ್ಕು ಹಿಡಿದಿದೆಯಾ?" ಎಂದು ಕೇಳಿದರು.

ಮೂರು ದಿನ ಪಾತ್ರೆ ಉಜ್ಜಿಯೇ ಕಳೆಯಿತು. ಕಿಯೋ ಸಾನ್ ಸ್ಟೂಲಿನ ಮೇಲೆ ಕೂತು ಆಜ್ಞೆ ಕೊಡುತ್ತಿದ್ದರು, ನಾನು ಮತ್ತು ಸಾಸಾಕಿ ಸಾನ್ ಉಜ್ಜುತ್ತಿದ್ದೆವು. ಸರಿಯಾಗಿಲ್ಲದಿದ್ದರೆ ಬೆರಳು ತೋರಿಸುತ್ತಿದ್ದರು. ಪೆಟ್ಟಿಗೆಗಳ ಸಾಮಾನೆಲ್ಲ ಶಾಲೆಗೆ ಬಂತು. ಊಟಕ್ಕೆ ಬರುವವರು ಬೇಕಿದ್ದರೆ ತಮ್ಮ ಉಪ್ಪಿನಕಾಯಿ ತಂದು ಎಲ್ಲರ ನಡುವೆ ಇಡಬಹುದು ಎಂದು ಹೇಳಿಕಳಿಸಿದೆವು. ಮೊದಲ ದಿನ ಎಷ್ಟು ಮಂದಿ ಬಂದಾರೋ ಎಂಬ ಅಳುಕಿತ್ತು. ಹನ್ನೊಂದೂವರೆಗೇ ಹಜಾರದಲ್ಲಿ ಇಪ್ಪತ್ತಮೂರು ಜನ ಕೂತಿದ್ದರು. ಕೆಲವರು ಎಪ್ಪತ್ತು ವರ್ಷದ ಹಿಂದೆ ಓದುವಾಗ ಕೂರುತ್ತಿದ್ದ ಜಾಗವನ್ನೇ ಹುಡುಕಿಕೊಂಡು ಕೂತಿದ್ದರಂತೆ. ಮಧ್ಯದ ಮೇಜಿನ ಮೇಲೆ ಉಪ್ಪಿನಕಾಯಿ ಬಟ್ಟಲುಗಳಿಗೆ ಜಾಗ ಸಾಲದಾಗಿತ್ತು.

ಆದರೆ ಕಿಯೋ ಸಾನ್ ಬಡಿಸಲು ಬಿಡಲಿಲ್ಲ. ಒಂದು ತಟ್ಟೆಯಲ್ಲಿ ಅನ್ನ, ಸಾರು, ಮಿಸೋ ಹಾಕಿ ಬೇಯಿಸಿದ ಒಂದು ಇಡೀ ತುಂಡು ಮೀನು, ತೋಫು, ಪಲ್ಯ ಎಲ್ಲ ಅಚ್ಚುಕಟ್ಟಾಗಿ ಜೋಡಿಸಿ, ಪಕ್ಕದಲ್ಲಿ ಒಂದು ನೋಟು ಪುಸ್ತಕವಿಟ್ಟು ನನ್ನ ಮುಂದೆ ತಂದಿಟ್ಟರು.

"ಕೆನ್‌ಶೋಕು" ಎಂದರು.

ಪಕ್ಕದಲ್ಲಿದ್ದ ಸಾಸಾಕಿ ಸಾನ್ ವಿವರಿಸಿದರು. ಶಾಲೆಯ ಊಟವನ್ನು ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಹೆಡ್‌ಮಾಸ್ಟರು ಒಂದು ತಟ್ಟೆ ಪೂರ್ತಿ ತಿಂದು, ಅಪಾಯವಿಲ್ಲ ಎಂದು ಬರೆದು ಮುದ್ರೆ ಹಾಕಬೇಕು. ಇಡೀ ದೇಶದಲ್ಲಿ ಹೀಗೇ. ಮೂವತ್ತೊಂದು ವರ್ಷದಲ್ಲಿ ಕಿಯೋ ಸಾನ್ ಒಂದು ದಿನವೂ ಅದಿಲ್ಲದೆ ಬಡಿಸಿದವರಲ್ಲ.

"ಈಗ ಮುಖ್ಯಸ್ಥರು ನೀವು. ತಿನ್ನಿ" ಎಂದರು ಕಿಯೋ ಸಾನ್.

"ನಾನು ಮೀನು ತಿನ್ನಲ್ಲ, ನಿಮಗೆ ಗೊತ್ತಲ್ಲ."

"ಗೊತ್ತು. ಆದರೆ ಪರೀಕ್ಷೆ ಆಗದೆ ಬಡಿಸೋ ಹಾಗಿಲ್ಲ."

ಸಾಸಾಕಿ ಸಾನ್ ಕಡೆ ನೋಡಿದೆ. ಅವರು ಗಡಿಯಾರ ನೋಡಿಕೊಂಡು, ಪಕ್ಕದ ಊರಿನ ರೋಗಿಗೆ ಇಂಜೆಕ್ಷನ್ ಇದೆ ಎಂದು ಕೋಟು ಹಾಕಿಕೊಂಡು ಹೊರಟೇಬಿಟ್ಟರು. ಹಜಾರದಲ್ಲಿ ಇಪ್ಪತ್ತಮೂರು ಜನ ಚಾಪ್‌ಸ್ಟಿಕ್ ಹಿಡಿದು ಕಾಯುತ್ತಿದ್ದಾರೆ. ಅಡುಗೆ ಆರುತ್ತಿದೆ. ಮೂವತ್ತೆಂಟು ಕಿಲೋದ ಆ ಹೆಂಗಸು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಾರೆ. ಆಗ ನನಗೆ ಹೊಳೆಯಿತು. ಪುಸ್ತಕ ಎಳೆದುಕೊಂಡು ನನ್ನ ಅಂಕುಡೊಂಕು ಜಪಾನಿ ಅಕ್ಷರದಲ್ಲಿ ಬರೆದೆ: 'ಮುಖ್ಯಸ್ಥೆ ಮೀನು ತಿನ್ನುವವಳಲ್ಲವಾದ್ದರಿಂದ ಈ ಹೊಣೆಯನ್ನು ಇಂದಿನಿಂದ ಕಿಯೋ ಸಾನ್ ಅವರಿಗೆ ವಹಿಸಲಾಗಿದೆ.' ಕೆಳಗೆ ಹೆಸರು, ಅದರ ಮೇಲೆ ಕೆಂಪು ಶಾಯಿಯ ನನ್ನ ಮುದ್ರೆ.

ಕಿಯೋ ಸಾನ್ ಆ ಸಾಲನ್ನು ಕನ್ನಡಕ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು. ನನ್ನ ಮುಖ ನೋಡಿದರು. ಆಮೇಲೆ ಅಂಗೈ ಜೋಡಿಸಿ, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟು ತಿನ್ನಲು ಕೂತರು. ನಿಧಾನವಾಗಿ, ಮೀನಿನ ಮುಳ್ಳನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಇಡುತ್ತಾ, ಒಂದು ಅಗುಳೂ ಬಿಡದೆ ತಿಂದರು. ನಾನು ಗೋಡೆಗೊರಗಿ ನಿಂತು ಅವರ ಗಂಟಲು ಚಲಿಸುವುದನ್ನೇ ನೋಡುತ್ತಿದ್ದೆ. ಯಾರೋ ಊಟ ಮಾಡುವುದನ್ನು ನೋಡಿ ಅಷ್ಟು ಸಂತೋಷಪಟ್ಟದ್ದು ಇಳಾ ಮೊದಲ ತುತ್ತು ನುಂಗಿದ ದಿನ ಬಿಟ್ಟರೆ ಇನ್ನೊಂದಿಲ್ಲ. ಪುಸ್ತಕದಲ್ಲಿ ಅವರು ಬರೆದರು: 'ರುಚಿ ಸರಿಯಿದೆ. ಉಪ್ಪು ಸರಿಯಿದೆ. ಪ್ರಮಾಣ ತುಸು ಹೆಚ್ಚು.'

ಅಂದಿನಿಂದ ವಾರಕ್ಕೆ ಮೂರು ದಿನ, ಹನ್ನೊಂದೂವರೆಗೆ ಸರಿಯಾಗಿ ಅವರು ತಿಂದು ಬರೆಯುತ್ತಿದ್ದರು. ತಮ್ಮ ಅಡುಗೆಯ ಮೇಲೂ ದಯೆಯಿರಲಿಲ್ಲ. 'ಮೂಲಂಗಿ ಇನ್ನೂ ಎರಡು ನಿಮಿಷ ಬೇಯಬೇಕಿತ್ತು.' 'ತೋಫು ಹಿಂಡಿದ್ದು ಸಾಲದು, ಸೊಪ್ಪು ಹೆಚ್ಚಿದವರು ಭಾರತದವರಿರಬೇಕು.' ಹೆಚ್ಚಿದವಳು ನಾನೇ. ಅರ್ಧ ಗಂಟೆ ಆದಮೇಲೆ ಬಡಿಸುವುದು, ಎಲ್ಲರ ಗದ್ದಲ, ಒಬ್ಬರ ಉಪ್ಪಿನಕಾಯಿಯನ್ನು ಇನ್ನೊಬ್ಬರು ಹೊಗಳುವುದು, ಹೊಗಳಿಸಿಕೊಂಡವರು ಛೇ ಇದೇನು ಮಹಾ ಎನ್ನುವುದು. ಉಳಿದ ಮೀನನ್ನು ಬಡಿಸುವಾಗ ಕಿಯೋ ಸಾನ್ ಯಾರ ತಟ್ಟೆಯನ್ನೂ ಖಾಲಿ ಬಿಡುತ್ತಿರಲಿಲ್ಲ. ನನಗೆಂದು ಕಡಲ ಪಾಚಿಯ ಸಾರು ಬೇರೆ ಮಾಡಿರುತ್ತಿದ್ದರು, ಅದನ್ನು ನಾನು ಎಲ್ಲರ ಜೊತೆ ಕೂತು ಉಣ್ಣುತ್ತಿದ್ದೆ. ಡಬ್ಬಿ ಕಟ್ಟಿಕೊಡುವುದನ್ನು ಅವರು ಮತ್ತೆ ಶುರು ಮಾಡಲಿಲ್ಲ.

ಮಾರ್ಚಿನ ಕೊನೆಯಲ್ಲಿ ಸೂರಿನಿಂದ ದಿನವಿಡೀ ನೀರು ತೊಟ್ಟಿಕ್ಕತೊಡಗಿತು. ರಸ್ತೆಯ ಅಂಚಿನಲ್ಲಿ ಮಣ್ಣು ಕಾಣಿಸಿತು. ಡಾಕ್ಟರು ಬಂದು ಕೊನೆಯ ಸಲ ತೂಕ ನೋಡಿದರು. ಕಿಯೋ ಸಾನ್ ನಲವತ್ತಕ್ಕೆ ಬಂದಿದ್ದರು. ಆರೈಕೆ ಕೇಂದ್ರದ ಮಾತು ಡಾಕ್ಟರು ಎತ್ತಲಿಲ್ಲ. ಆ ವರ್ಷ ಊರಿನಲ್ಲಿ ಯಾರೂ ಬಚ್ಚಲಲ್ಲಿ ಬೀಳಲಿಲ್ಲ. ಪೆಟ್ಟಿಗೆ ಹಂಚುವ ಯೋಜನೆ ಸೋತಿದೆ ಎಂದೇ ನಾನು ವರದಿ ಬರೆದೆ. ನಲವತ್ತು ಹಳ್ಳಿಗಳಿಗೆ ವಿಸ್ತರಿಸುವ ಮಾತು ಅಲ್ಲಿಗೇ ನಿಂತಿತು, ನನ್ನ ಬಡ್ತಿಯೂ ನಿಂತಿತು. ಶಾಲೆಯ ಅಡುಗೆಮನೆ ಮಾತ್ರ ನಿಲ್ಲಲಿಲ್ಲ. ಸಾಸಾಕಿ ಸಾನ್ ಅದನ್ನು ಈಗಲೂ ನಡೆಸುತ್ತಿದ್ದಾರೆ.

ನಾನು ಹೊರಡುವ ದಿನ ಮಧ್ಯಾಹ್ನ ಊಟ ಮುಗಿದು ಎಲ್ಲರೂ ಹೋಗಿದ್ದರು. ನಾನೂ ಕಿಯೋ ಸಾನ್ ಇಬ್ಬರೇ ಪಾತ್ರೆ ತೊಳೆಯುತ್ತಿದ್ದೆವು. ಮನಸ್ಸಿನಲ್ಲಿ ಒಂದು ಮಾತು ಕೊರೆಯುತ್ತಿತ್ತು. ಮೋಸ ಮಾಡಿ ಹೋಗುವುದು ಸರಿಯಲ್ಲ ಅನಿಸಿ ಹೇಳಿಯೇಬಿಟ್ಟೆ.

"ಕಿಯೋ ಸಾನ್, ಆ ಪರೀಕ್ಷೆಯ ಊಟ ನಿಮಗೆ ವಹಿಸಿದೆನಲ್ಲ, ಅದು ನಿಯಮಕ್ಕಾಗಿ ಅಲ್ಲ. ನಿಮ್ಮ ತೂಕಕ್ಕಾಗಿ. ಕ್ಷಮಿಸಬೇಕು."

ಅವರು ಕಡಾಯಿಯ ತಳ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಗೊತ್ತು. ಅಡುಗೆ ಮಾಡಿದವರು ತಾವೇ ಪರೀಕ್ಷೆ ಮಾಡೋ ಹಾಗಿಲ್ಲ. ಬೇರೆಯವರೇ ತಿನ್ನಬೇಕು. ಮುದ್ರೆ ಹಾಕಿ ವಹಿಸೋಕೂ ಬರಲ್ಲ. ಮೂವತ್ತೊಂದು ವರ್ಷ ಇದ್ದವಳಿಗೆ ಅಷ್ಟೂ ಗೊತ್ತಿರಲ್ವಾ?"

ತೊಳೆಯುತ್ತಿದ್ದ ತಟ್ಟೆ ಕೆಳಗಿಟ್ಟೆ.

"ಮತ್ತೆ ಯಾಕೆ ತಿಂದಿರಿ?"

"ನನ್ನ ಕೈಯಿಂದ ಏನೂ ತಗೊಳ್ಳಲ್ಲ ಅಂತ ಪತ್ರ ಕೊಟ್ಟಿದ್ದಿರಿ" ಎಂದರು ಕಿಯೋ ಸಾನ್. "ಆಮೇಲೆ ಕೇಳಿದ ಅಡುಗೆ ಊರಿಗಾಯ್ತು. ನಿಮಗೆ ಅಂತ ಬೇಕಿದ್ದದ್ದು ನಾನು ತಿನ್ನೋದೊಂದೇ. ಕೊಟ್ಟೆ."

ಕಡಾಯಿಯನ್ನು ನೀರಿನಲ್ಲಿ ಎರಡು ಸಲ ಜಾಲಿಸಿ, ಒರೆಸಲೆಂದು ನನ್ನ ಕಡೆ ಸರಿಸಿದರು.